ಕಹಿ ಕುಡಿದ ಕೆಂಪಾಜಿ

ಏಳು ಬೆಟ್ಟಗಳ ಆಚೆ, ಏಳು ಹೊಳೆಗಳ ಈಚೆ, ಕುಂಕುಮಾವತಿ ಎಂಬ ರಾಜ್ಯವೊಂದಿತ್ತಂತೆ. ಅದನ್ನು ಆಳುತ್ತಿದ್ದವನು ಧವಳಕೀರ್ತಿ ಎಂಬ ಅರಸ. ಅವನ ಕಾಲದಲ್ಲಿ ಕೆರೆ ತುಂಬಿತ್ತು, ಕಣಜ ತುಂಬಿತ್ತು. ಯಾರಿಗೂ ಯಾವುದಕ್ಕೂ ಕೊರತೆ ಇರಲಿಲ್ಲ.

ಹೀಗಿರುವಾಗ ಒಂದು ದಿನ ಮಧುಜಿಹ್ವ ಎಂಬ ಮಾಂತ್ರಿಕ ಮಿಠಾಯಿ ಮಾರುವವನ ವೇಷದಲ್ಲಿ ಬಂದ. ಅರಮನೆಯ ಅಂಗಳದಲ್ಲಿ ಆನೆ ಮುಳುಗುವಷ್ಟು ದೊಡ್ಡ ಕೊಪ್ಪರಿಗೆ ಇಟ್ಟ. ಪಾಕ ಕಾಸಿದ, ಉಂಡೆ ಕಟ್ಟಿದ, ಮನೆಮನೆಗೂ ಹಂಚಿದ. ತಿಂದವರ ನಾಲಿಗೆ ಸಿಹಿಯಾಯಿತು, ಮಾತು ಸಿಹಿಯಾಯಿತು, ಆಮೇಲೆ ಬುದ್ಧಿಯೂ ಪಾಕದಂತೆ ಕರಗಿತು. ಯಾರು ಏನು ಕೇಳಿದರೂ "ಆಗಲಿ" ಎನ್ನುವುದೊಂದೇ ಅವರಿಗೆ ಉಳಿದ ಮಾತು.

"ಬೀಗದ ಕೈ ಕೊಡಿ" ಎಂದ ಮಾಂತ್ರಿಕ. "ಆಗಲಿ" ಎಂದ ಅರಸ.

"ಕತ್ತಿ ಗುರಾಣಿ ಕೆಳಗಿಡಿ" ಎಂದ. "ಆಗಲಿ" ಎಂದರು ಸೈನಿಕರು.

"ಇವತ್ತಿಗೆ ಐದನೆಯ ದಿನ ಬೆಳಗ್ಗೆ ಎಲ್ಲರೂ ಸಾಲಾಗಿ ಬಂದು ಈ ಕೊಪ್ಪರಿಗೆಗೆ ಇಳಿಯಿರಿ. ನಿಮ್ಮನ್ನೆಲ್ಲ ಸಕ್ಕರೆ ಗೊಂಬೆ ಮಾಡಿ, ದಿನಕ್ಕೊಂದರಂತೆ ಸವಿಯುತ್ತೇನೆ" ಎಂದ.

"ಆಗಲಿ, ಸ್ವಾಮಿ" ಎಂದಿತು ಇಡೀ ಊರು.

ಆ ಊರಿನ ಕುಂಬಾರ ಬಿಳಿಗಯ್ಯನಿಗೆ ಕೆಂಪಾಜಿ ಎಂಬ ಮಗಳಿದ್ದಳು. ಉಂಡೆ ಹಂಚಿದ ವಾರ ಅವಳು ಜ್ವರ ಬಂದು ಮಲಗಿದ್ದಳು. ಬಾಯಿ ರುಚಿ ಕೆಟ್ಟಿದ್ದರಿಂದ ಉಂಡೆ ಮುಟ್ಟಿರಲಿಲ್ಲ. ಜ್ವರ ಬಿಟ್ಟು ಎದ್ದು ನೋಡುತ್ತಾಳೆ, ಅಪ್ಪ ಸ್ನಾನ ಮಾಡಿ, ಮಡಿ ಉಟ್ಟು, ನಗುನಗುತ್ತಾ ಕೂತಿದ್ದಾನೆ.

"ಎಲ್ಲಿಗಪ್ಪಾ ಹೊರಟೆ?"

"ಎಲ್ಲಿಗೂ ಇಲ್ಲ ಕಣವ್ವ. ಐದನೇ ದಿನ ಕೊಪ್ಪರಿಗೆಗೆ ಇಳಿಯೋಕೆ ಹೇಳಿದ್ದಾರೆ. ಈಗಲೇ ಸಿದ್ಧವಾಗಿದ್ದೀನಿ."

ಕೆಂಪಾಜಿಗೆ ಎದೆ ಧಸಕ್ಕೆಂದಿತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ನೆರೆಮನೆಯ ದೇವೀರಜ್ಜಿಯ ಹತ್ತಿರ ಓಡಿದಳು. ಅಜ್ಜಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಉಂಡೆ ಕಡಿಯಲಾಗದೆ ಅದನ್ನು ಕಾಗೆಗೆ ಎಸೆದಿದ್ದಳು.

"ಇದಕ್ಕೆ ಮದ್ದು ಒಂದೇ ಮಗಾ" ಎಂದಳು ಅಜ್ಜಿ. "ಅರಮನೆ ತೋಟದಲ್ಲಿ ಒಂದು ಪಪ್ಪಾಯಿ ಗಿಡ ಇದೆ. ಅದರ ಕಹಿಗೆ ಆ ಪಾಪಿ ಹೆದರುತ್ತಾನೆ. ಕಡಿಸೋಕೆ ನೋಡಿದ, ಕೊಡಲಿಗಳೇ ಮೊಂಡಾದವು. ಅದಕ್ಕೇ ಕಾವಲಿಟ್ಟಿದ್ದಾನೆ. ಎಳೆಯದೂ ಅಲ್ಲದ, ಹಣ್ಣಾದದ್ದೂ ಅಲ್ಲದ ಏಳು ಎಲೆ ತಾ. ಮೂರು ದಿನ ನೆರಳಲ್ಲೇ ಒಣಗಿಸು. ಬಿಸಿಲು ತಗುಲಿತೋ, ಗುಣ ಹಾರಿಹೋಯಿತು. ಆಮೇಲೆ ಪುಡಿ ಮಾಡಿ, ಮೂರು ಪಾಲು ನೀರು ಒಂದು ಪಾಲಾಗುವವರೆಗೆ ಕುದಿಸು. ಮೊದಲ ಗುಟುಕು ಕಾಸಿದವಳೇ ಕುಡಿಯಬೇಕು. ಸಿಹಿ ಸೋಕಬಾರದು. ಆಗುತ್ತಾ ನಿನ್ನ ಕೈಲಿ?"

"ಯಾಕಾಗಲ್ಲ ಅಜ್ಜೀ?" ಎಂದು ಕೆಂಪಾಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅಂದೇ ತೋಟಕ್ಕೆ ಹೋದಳು. ಪಪ್ಪಾಯಿ ಗಿಡದ ಬುಡದಲ್ಲಿ ಗುಡಿಸಲಿನಷ್ಟು ದೊಡ್ಡ ಕರಡಿಯೊಂದು ಕೂತಿತ್ತು. ಅದರ ಅಂಗೈಯಿಂದ ಜೇನು ಸುರಿಯುತ್ತಿತ್ತು.

"ಬಾ ಹುಡುಗಿ, ಒಂದು ಬೊಗಸೆ ಜೇನು ಕುಡಿ. ಕುಡಿದರೆ ದಾರಿ ಬಿಡುತ್ತೇನೆ" ಎಂದಿತು ಕರಡಿ.

"ನನಗೆ ಬೇಡ. ಎಲೆ ಸಾಕು."

ಕರಡಿ ಎರಡು ಕಾಲ ಮೇಲೆ ಎದ್ದು ನಿಂತು ಆರ್ಭಟಿಸಿತು. ಆ ಸದ್ದಿಗೆ ತೋಟದ ಹಕ್ಕಿಗಳೆಲ್ಲ ಹಾರಿಹೋದವು. ಕೆಂಪಾಜಿ ಮಾತ್ರ ನಿಂತ ನೆಲ ಬಿಡಲಿಲ್ಲ. "ಕೂಗಿ ಮುಗೀತಾ? ನನಗೆ ಹೊತ್ತಾಗುತ್ತೆ" ಎಂದಳು. ಜೇನು ಮುಟ್ಟದವರನ್ನು ಮುಟ್ಟುವ ಶಕ್ತಿ ಆ ಕರಡಿಗೆ ಇರಲಿಲ್ಲ. ಅದು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಕೆಂಪಾಜಿ ಕೊಕ್ಕೆಯಿಂದ ಏಳು ಎಲೆ ಎಳೆದು, ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮಡಕೆ ಇಡುವ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ, ಎಲೆಗಳ ಕೊಳವೆಯಂಥ ತೊಟ್ಟುಗಳನ್ನು ಅದಕ್ಕೆ ಬಿಗಿದು ನೇತುಹಾಕಿದಳು. ಒಂದು ದಿನ ಕಳೆಯಿತು, ಎಲೆ ಬಾಡಿತು. ಎರಡು ದಿನ ಕಳೆಯಿತು, ಅಂಚು ಸುರುಟಿತು. ಮೂರನೆಯ ದಿನ ನಡು ಮಧ್ಯಾಹ್ನ ಬೆಂಕಿಯ ಬಣ್ಣದ ನವಿಲೊಂದು ಬಂದು ಬಾಗಿಲಲ್ಲಿ ಕೂತಿತು.

"ಅಯ್ಯೋ ಪಾಪ, ಇನ್ನೂ ಹಸಿ ಇದೆಯಲ್ಲ! ನಾಳೆ ನಿಮ್ಮಪ್ಪ ಕೊಪ್ಪರಿಗೆಗೆ ಇಳಿಯುತ್ತಾನೆ. ನಾನು ಒಮ್ಮೆ ಗರಿ ಬಿಚ್ಚಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಒಣಗಿಸಿಕೊಡುತ್ತೇನೆ. ಬಿಚ್ಚಲಾ?"

ಕೆಂಪಾಜಿ ಎಲೆ ಮುಟ್ಟಿ ನೋಡಿದಳು. ನಡುವಿನ ನರ ಇನ್ನೂ ಮೆತ್ತಗಿತ್ತು. ಒಂದು ಗಳಿಗೆ ಅವಳ ಮನಸ್ಸು ತೂಗಾಡಿತು. ಹಸಿ ಮಡಕೆಯನ್ನು ಅವಸರಕ್ಕೆ ಬಿದ್ದು ಸುಟ್ಟರೆ ಒಡೆದೇ ಹೋಗುತ್ತದೆ ಎಂಬುದು ಕುಂಬಾರನ ಮಗಳಿಗೆ ಗೊತ್ತಿಲ್ಲವೇ?

"ನಿನ್ನ ಉಪಕಾರ ಬೇಡ, ಹೋಗು" ಎಂದಳು.

ನವಿಲಿಗೆ ಸಿಟ್ಟು ಬಂತು. ಗರಿ ಬಿಚ್ಚಿಯೇ ಬಿಟ್ಟಿತು. ಸಾವಿರ ಕಣ್ಣುಗಳಿಂದ ಸಾವಿರ ಬಿಸಿಲು ಸುರಿಯಿತು. ಕೆಂಪಾಜಿ ಥಟ್ಟನೆ ಎಲೆಗಳನ್ನು ಕಿತ್ತುಕೊಂಡು, ದೊಡ್ಡ ಗುಡಾಣವೊಂದನ್ನು ಬೋರಲು ಹಾಕಿ, ಅದರೊಳಗೆ ಎಲೆಗಳನ್ನೂ ಸೇರಿಸಿ ತಾನೂ ಸೇರಿಕೊಂಡಳು. ಆವಿಗೆಯ ಬೆಂಕಿಯಲ್ಲಿ ಬೆಂದು ಬಂದ ಮಡಕೆ ನವಿಲಿನ ಬಿಸಿಲಿಗೆ ಹೆದರುತ್ತದೆಯೇ? ಒಳಗೆ ಬೆವರು ಧಾರೆಧಾರೆಯಾಗಿ ಹರಿಯಿತು. ಒಂದು ಹನಿಯೂ ಎಲೆಗೆ ತಾಗದಂತೆ ಅವುಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂತಳು. ಸಂಜೆಯಾಗುವಷ್ಟರಲ್ಲಿ ನವಿಲಿನ ಗರಿಗಳೇ ಸುಟ್ಟು ಬೂದಿಯಾದವು. ಅದು ಬೋಳು ಬಾಲ ಎಳೆದುಕೊಂಡು ಓಡಿತು. ಕೆಂಪಾಜಿ ಹೊರಬಂದು ಎಲೆ ಮುರಿದಳು. ಪಟ್ಟೆಂದು ಮುರಿಯಿತು. ಬಣ್ಣ ಮಾತ್ರ ಹಸಿರಾಗಿಯೇ ಇತ್ತು.

ಐದನೆಯ ದಿನ ಬೆಳಗಾಯಿತು. ಊರಿಗೆ ಊರೇ ಕೊಪ್ಪರಿಗೆಯ ಮುಂದೆ ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಬಿಳಿಗಯ್ಯ, ಏಣಿಯ ಮೊದಲ ಮೆಟ್ಟಿಲಲ್ಲಿ. ಕೆಂಪಾಜಿ ಅಂಗಳದಲ್ಲೇ ಮೂರು ಕಲ್ಲು ಹೂಡಿ, ಹೊಸ ಮಡಕೆ ಇಟ್ಟು, ಎಲೆಯ ಪುಡಿ ಹಾಕಿ ಕುದಿಸಿದಳು. ಕಷಾಯ ಕೊತಕೊತ ಕುದಿದು ಕಡುಗಪ್ಪು ಹಸಿರಿಗೆ ತಿರುಗಿತು. ಬಟ್ಟಲಿಗೆ ಬಗ್ಗಿಸಿಕೊಂಡು ತುಟಿಯ ಹತ್ತಿರ ತಂದಳು.

"ಪುಟ್ಟೀ" ಎಂದಿತು ಒಂದು ದನಿ.

ತಿರುಗಿ ನೋಡುತ್ತಾಳೆ, ಸತ್ತು ಮೂರು ವರ್ಷವಾಗಿದ್ದ ಅವ್ವ! ಅದೇ ಮುಖ, ಅದೇ ಕುಂಕುಮ, ಅದೇ ನಗು. ಕೈಯಲ್ಲೊಂದು ಅಚ್ಚು ಬೆಲ್ಲ.

"ಅಷ್ಟು ಕಹಿ ಹೇಗೆ ಕುಡೀತೀಯಾ ನನ್ನ ಕಂದಾ? ತಗೋ, ಒಂದು ಚೂರು ಬೆಲ್ಲ ಬೆರೆಸಿಕೋ."

ಕೆಂಪಾಜಿಯ ಕಣ್ಣು ತುಂಬಿ ಬಂತು. ಆ ಮುಖವನ್ನು ಕಣ್ತುಂಬ ನೋಡಿದಳು. ಆಮೇಲೆ ಹೇಳಿದಳು: "ನಮ್ಮವ್ವ ಮದ್ದಿಗೆ ಬೆಲ್ಲ ಬೆರೆಸಿದವಳಲ್ಲ. ಮೂಗು ಹಿಡಿದು, ಬೆನ್ನಿಗೆ ಗುದ್ದಿ ಕುಡಿಸುತ್ತಿದ್ದಳು. ನೀನು ಯಾರೋ!"

ಎಂದವಳೇ ಗಟಗಟನೆ ಕುಡಿದಳು.

ಅಬ್ಬಾ, ಅದೆಂಥ ಕಹಿ! ಮೊದಲು ಹಸಿ ಹುಲ್ಲಿನ ವಾಸನೆ ಮೂಗಿಗೇರಿತು. ಆಮೇಲೆ ಕಹಿ ನಾಲಿಗೆಯ ಬುಡ ಹಿಡಿದು, ಗಂಟಲಿಗಿಳಿದು, ಕಿವಿಯವರೆಗೂ ಹತ್ತಿತು. ಮೈ ಜುಮ್ಮೆಂದಿತು. ಅದರ ಹಿಂದೆಯೇ ತಲೆ ತಿಳಿಯಾದಂತಾಯಿತು. ಕಣ್ಣೊರೆಸಿ ನೋಡಿದರೆ, ಅವ್ವ ನಿಂತಿದ್ದಲ್ಲಿ ಮಧುಜಿಹ್ವ ಹಲ್ಲು ಕಡಿಯುತ್ತಾ ನಿಂತಿದ್ದ.

"ನೀನೊಬ್ಬಳು ಕುಡಿದರೇನಾಯಿತು? ಈ ಕಹಿಯನ್ನು ಇವರಿಗೆಲ್ಲ ಹೇಗೆ ಕುಡಿಸುತ್ತೀಯ?" ಎಂದು ನಕ್ಕ.

ಕೆಂಪಾಜಿ ಅವನಿಗಿಂತ ಜೋರಾಗಿ ನಕ್ಕಳು. "ಅಪ್ಪಾ, ಇಳಿದು ಬಾ. ಇದನ್ನೊಂದು ಗುಟುಕು ಕುಡಿ" ಎಂದಳು.

"ಆಗಲಿ ಕಣವ್ವ" ಎಂದ ಬಿಳಿಗಯ್ಯ, ಕುಡಿದೇ ಬಿಟ್ಟ. ಏನು ಕೇಳಿದರೂ ಆಗಲಿ ಎನ್ನುವವರಿಗೆ ಕಹಿ ಕುಡಿಸುವುದು ಎಷ್ಟರ ಕೆಲಸ! ಮಾಂತ್ರಿಕನ ಮಾಯೆ ಅವನ ಕುತ್ತಿಗೆಗೇ ಉರುಳಾಯಿತು.

ಬಿಳಿಗಯ್ಯ ಮುಖ ಕಿವುಚಿದ. "ಥೂ, ಥೂ!" ಎಂದ. ಕೊಪ್ಪರಿಗೆ ನೋಡಿದ, ಏಣಿ ನೋಡಿದ. "ಇದರೊಳಗೆ ನಾನ್ಯಾಕೆ ಇಳಿಯಲಿ? ಒಲ್ಲೆ!" ಎಂದು ಗುಡುಗಿದ. ಆ ಮಾತಿಗೆ ಮಧುಜಿಹ್ವ ಒಂದು ಗೇಣು ಕುಗ್ಗಿದ. ಸೈನಿಕರು ಕುಡಿದರು, "ಒಲ್ಲೆವು" ಎಂದರು. ಅವನು ಮೊಣಕಾಲೆತ್ತರಕ್ಕೆ ಕುಗ್ಗಿದ. ಹೆಂಗಸರು, ಮಕ್ಕಳು, ಮುದುಕರು ಕುಡಿದರು, ಅವನು ಬೆರಳಿನಷ್ಟಾದ. ಕೊನೆಗೆ ಅರಸ ಧವಳಕೀರ್ತಿ ಮಡಕೆಯ ತಳದ ಗಸಿಯನ್ನೇ ಕುಡಿದು, "ನನ್ನ ರಾಜ್ಯ ಬಿಟ್ಟು ತೊಲಗು!" ಎಂದ. ಮಧುಜಿಹ್ವ ಕರಿ ಇರುವೆಯಾಗಿ, ಕಲ್ಲಿನ ಸಂದಿಯಲ್ಲಿ ನುಸುಳಿ ಹೋದವನು ಮತ್ತೆ ಕಾಣಲಿಲ್ಲ. ಕೊಪ್ಪರಿಗೆಯ ಪಾಕ ತಿಳಿನೀರಾಯಿತು. ತೋಟದ ಕರಡಿ ಮೈ ಕೊಡವಿ ಮನುಷ್ಯನಾಗಿ ಎದ್ದಿತು. ಅವನು ಅರಮನೆಯ ತೋಟಗಾರ, ಮಾಂತ್ರಿಕ ಬಂದ ದಿನದಿಂದ ಕಾಣೆಯಾಗಿದ್ದವನು.

ಅರಸ ಕೆಂಪಾಜಿಗೆ ಮುತ್ತಿನ ಹಾರ ಹಾಕಿ, ರಾಜ್ಯದ ಮದ್ದಿನ ಮನೆಗೆ ಅವಳನ್ನೇ ಒಡತಿ ಮಾಡಿದ. ಆ ತೋಟಗಾರ ಮನೆಗೊಂದರಂತೆ ಪಪ್ಪಾಯಿ ಸಸಿ ಹಂಚಿದ. ಮರುದಿನ ಪೇಟೆಯಲ್ಲಿ ಎಂಥ ಗದ್ದಲ! ಆ ಬೆಲೆಗೆ ಕೊಡಲ್ಲ ಎನ್ನುವವರು, ಈ ಬದನೆಕಾಯಿ ಬೇಡ ಎನ್ನುವವರು, ಬೇಡವಾದರೆ ಹೋಗಮ್ಮ ಎನ್ನುವವರು. ಅರಸ ಉಪ್ಪರಿಗೆಯಲ್ಲಿ ಕೂತು ಆ ಜಗಳವನ್ನೆಲ್ಲ ಸಂಗೀತ ಕೇಳುವಂತೆ ಕೇಳಿ ತಲೆದೂಗಿದನಂತೆ. ಆಮೇಲೆ ಕುಂಕುಮಾವತಿಯ ಜನ ಮನಸ್ಸಿಗೆ ಬಂದದ್ದನ್ನು ಆಡುತ್ತಾ, ಮನಸಾರೆ ನಗುತ್ತಾ, ನೂರು ಕಾಲ ಸುಖವಾಗಿ ಬಾಳಿದರು.