ಹಿಂದಿನ ಸಾಲಿನ ಅಜ್ಜ

ಎರಡು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಸಂಶೋಧನೆ ಮಾಡಿದರೂ ಅವನು ಬಾಯ್ತುಂಬ ನಕ್ಕಿದ್ದನ್ನು ಅವಳು ಕೇಳಿರಲಿಲ್ಲ. ಅವನದು ಸಿನಿಮಾ ಸಂಕಲನ, ಅವಳದು ನಾಟಕ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಅವನಿಗೆ ಸಂಗೀತ ವಿಭಾಗದ ಗೆಳೆಯ ಗುಮ್ಮ ಎಂದು ಹೆಸರಿಟ್ಟಿದ್ದ.

ಗುಮ್ಮನೇನೋ ಸರಿ, ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳು ಹೆಡ್‌ಫೋನ್ ತೆಗೆಯುವ ಹೊತ್ತಿಗೆ ಸರಿಯಾಗಿ ಬಿಸಿ ಟೀ ಅವಳ ಮೇಜಿನ ಮೇಲಿರುತ್ತಿತ್ತು. ಕತ್ತೆತ್ತಿದರೆ ಅವನ ನೋಟ ಥಟ್ಟನೆ ಕಂಪ್ಯೂಟರಿನೊಳಗೆ ಓಡುತ್ತಿತ್ತು. ಅವಳಿಗೆ ಒಳಗೊಳಗೇ ಖುಷಿ. ಹೇಳುವುದಿದ್ದರೆ ಅವನೇ ಮೊದಲು ಹೇಳಲಿ ಎಂಬ ಬಿಂಕ ಬೇರೆ.

ಪ್ರೇಕ್ಷಕರ ನಗು ಎಲ್ಲಿಂದ ಶುರುವಾಗುತ್ತದೆ ಎಂಬುದು ಅವಳ ವಿಷಯ. ಅದಕ್ಕಾಗಿ ಒಂದೇ ನಾಟಕದ ಹನ್ನೊಂದು ಪ್ರದರ್ಶನಗಳನ್ನು, ಸಭಾಂಗಣದ ನಾಲ್ಕೂ ಮೂಲೆಯಲ್ಲಿ ಮೈಕ್ ಇಟ್ಟು, ತಾನು ರಂಗದ ಪಕ್ಕದ ಸೈಡ್ ವಿಂಗಿನ ಮರೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದಳು. ಮೊದಲ ದಿನ, ಅಳಿಯನ ಚಪ್ಪಲಿ ಮೆಟ್ಟಿಕೊಂಡ ಮಾವ "ಕಾಲು ಯಾಕೋ ಸಣ್ಣದಾಗಿದೆ" ಎಂದಾಗ ಒಬ್ಬರೂ ನಗಲಿಲ್ಲ. ಹೀಗೇ ಆದರೆ ಥೀಸಿಸ್ ಮುಳುಗಿತೆಂದು ಅವಳು ಕೋಣೆಗೆ ಬಂದು ಅತ್ತಿದ್ದಳು.

ಎರಡನೆಯ ದಿನದಿಂದ ಅದೃಷ್ಟ ಖುಲಾಯಿಸಿತು. ಅದೇ ಮಾತಿಗೆ ಎಡಗಡೆಯ ಹಿಂದಿನ ಮೂಲೆಯಿಂದ ಒಂದು ನಗು ಎದ್ದು, ಕೊನೆಗೆ ಬಿಕ್ಕಳಿಕೆಯಂತೆ ಮುರಿಯುತ್ತಿತ್ತು. ಬೆನ್ನಿಗೇ ಸಭೆಯೆಲ್ಲ ನಗುತ್ತಿತ್ತು. ದಿನಾ ಅದೇ ನಗು. ನಾಟಕದ ಹುಚ್ಚಿನ ಯಾರೋ ಅಜ್ಜ ಇರಬೇಕೆಂದು ಅವಳು ಲೆಕ್ಕ ಹಾಕಿದಳು. ಒಬ್ಬ ಕಾಯಂ ಪ್ರೇಕ್ಷಕ ಇಡೀ ಸಭೆಯನ್ನು ನಗಿಸಬಲ್ಲ ಎಂದು ಒಂದು ಅಧ್ಯಾಯವನ್ನೇ ಬರೆದಳು.

ಮೂರೂ ವಿಭಾಗದವರು ಸಂಶೋಧನೆ ಹಂಚಿಕೊಳ್ಳುವ ದಿನ ಅವಳ ಅಜ್ಜನಿಗೆ ಜೋರು ಚಪ್ಪಾಳೆ ಬಿತ್ತು. ಆಮೇಲೆ ಬಂದ ಸಂಗೀತದ ಗೆಳೆಯ, ಹಾಡುಗಾರರು ಗಂಟಲು ಸರಿಮಾಡಿಕೊಳ್ಳುವ ಬಗೆಗಳನ್ನು ಒಂದೊಂದಾಗಿ ಮಾಡಿ ತೋರಿಸಿದ. ಗುಮ್ಮ ಮೈಮರೆತು ನಕ್ಕುಬಿಟ್ಟ. ನಗು ಕೊನೆಗೆ ಬಿಕ್ಕಳಿಕೆಯಂತೆ ಮುರಿಯಿತು. ಅವಳ ಕೈಯ ಪೆನ್ನು ನಿಂತಿತು.

ಹೊರಗೆ ಮೆಟ್ಟಿಲ ಬಳಿ ಅವನನ್ನು ಹಿಡಿದಳು. "ಅಜ್ಜ ನೀನೇನಾ?"

ಅವನು ತಲೆ ತಗ್ಗಿಸಿದ. "ಅವತ್ತು ನೀನು ಅತ್ತಿದ್ದು ನೋಡೋಕಾಗ್ಲಿಲ್ಲ. ಒಬ್ಬ ನಕ್ರೆ ಮಿಕ್ಕೋರೂ ನಗ್ತಾರೆ ಅಂತ ಹತ್ತು ದಿನವೂ ಬಂದೆ."

"ಅಂದ್ರೆ ನಾನು ಬರೆದಿದ್ದೆಲ್ಲ ನಿನ್ನ ಬಗ್ಗೆ. ನನ್ನ ಕೆಲಸ ಎಲ್ಲ ಮಣ್ಣುಪಾಲು."

ಅದು ಪ್ರೀತಿಯೆಂದು ತಿಳಿಯದಷ್ಟು ದಡ್ಡಿಯೇನಲ್ಲ ಅವಳು. ತಿಳಿದೂ ಕೋಪವನ್ನೇ ಮುಂದಿಟ್ಟಳು. ಅವನು ಇನ್ನೇನೋ ಹೇಳಲು ಬಾಯಿ ತೆರೆದ.

"ಇನ್ನು ನನ್ನ ಹತ್ರ ಮಾತಾಡ್ಬೇಡ" ಎಂದಳು.

ಮೊದಲೇ ಮಾತು ಕಡಿಮೆಯವನು. ಹೇಳಿದಂತೆ ನಡೆದುಕೊಂಡ.

ಅವಳು ಅವನ ಹೆಸರೆತ್ತದೆ ಅಧ್ಯಾಯವನ್ನು ಹಿಂದಕ್ಕೆ ಪಡೆದಳು. ಗೈಡ್ ಮೇಡಂ ಬೈದರೂ ಆರು ತಿಂಗಳು ಹೆಚ್ಚಿಗೆ ಕೊಟ್ಟರು. ಅಷ್ಟರಲ್ಲಿ ಅವನ ಥೀಸಿಸ್ ಮುಗಿದು, ಬೇರೆ ಊರಿನ ಸ್ಟುಡಿಯೋದಲ್ಲಿ ಕೆಲಸವೂ ಸಿಕ್ಕಿತು. ಹೊರಟ ದಿನ ಅವಳ ಮೇಜಿನ ಮೇಲೆ ಟೀ ಇತ್ತು. ಬೇಕೆಂದೇ ತಡವಾಗಿ ಬಂದವಳಿಗೆ ಸಿಕ್ಕಿದ್ದು ಆರಿದ ಟೀ.

ನಾಟಕ ಮತ್ತೆ ಬಂತು, ಭಾನುವಾರ ಬೆಳಗಿನ ಪ್ರದರ್ಶನ. ಈ ಸಲ ಅವಳು ಮೈಕ್ ಇಟ್ಟು ಎಡಗಡೆಯ ಹಿಂದಿನ ಮೂಲೆಯಲ್ಲೇ ಕೂತಳು. ಮಾವ ಚಪ್ಪಲಿ ಮೆಟ್ಟಿಕೊಂಡ, ಮಾತು ಹೇಳಿದ. ಯಾರೂ ನಗಲಿಲ್ಲ. ಸಂಶೋಧನೆಗೆ ಬೇಕಾದಂಥ ಚೊಕ್ಕ ಮೌನ. ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಗಟ್ಟಿಯಾಗಿ ನಕ್ಕಳು. ಸಭೆ ಅವಳ ಬೆನ್ನಿಗೇ ನಕ್ಕಿತು. ಅಷ್ಟರಲ್ಲಿ ಅವಳ ನಗು ಅಳುವಾಗಿತ್ತು.

ಕೆಟ್ಟುಹೋದ ಆ ರೆಕಾರ್ಡಿಂಗನ್ನು ಅವನ ನಂಬರಿಗೆ ಕಳಿಸಿದಳು. ಅವನು ಅದನ್ನು ಕೇಳಿಸಿಕೊಂಡನೆಂಬ ನೀಲಿ ಗುರುತು ಐದೇ ನಿಮಿಷದಲ್ಲಿ ಬಂತು. ಫೋನ್ ಹಿಡಿದುಕೊಂಡು ಸಂಜೆಯವರೆಗೂ ಕಾದಳು. ಅವನಿಂದ ಒಂದು ಮಾತೂ ಬರಲಿಲ್ಲ. ಮಾತಾಡಬೇಡ ಎಂದವಳು ಅವಳೇ ತಾನೆ.