ನನ್ನ ಸೇತುವೆಯ ಕೆಳಗೆ ನಿಮ್ಮ ಉತ್ತರ

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ತನ್ನ ವರದಿಯೇ ತನ್ನನ್ನು ಸುಳ್ಳುಗಾರ್ತಿ ಮಾಡುವುದನ್ನು ಅವಳು ಕಣ್ಣಾರೆ ನೋಡಿದಳು.

ಮೇಲಿನ ಸಾಲಿನಲ್ಲಿ ಅವಳ ಮಾತು: ಹಳೆಯ ಸೇತುವೆ ಮಿತಿಮೀರಿ ಅಲುಗುತ್ತಿದೆ, ಲಾರಿಗಳನ್ನು ಇಂದೇ ನಿಲ್ಲಿಸಬೇಕು. ಅದರ ಕೆಳಗೇ ಲೆಕ್ಕದ ಉತ್ತರ: ಒಂದು ಅಂಕಿ, ಅದರ ಪಕ್ಕ ಅಲುಗಾಟ ಮಿತಿಯೊಳಗಿದೆ ಎಂಬ ಮಾತು. ಯಾರೋ ಕಿಸಕ್ಕನೆ ನಕ್ಕರು. ಮುಖ್ಯ ಇಂಜಿನಿಯರ್ ಕನ್ನಡಕ ತೆಗೆದು, ಮೊದಲು ನೀವೂ ನಿಮ್ಮ ವರದಿಯೂ ಕೂತು ರಾಜಿ ಮಾಡಿಕೊಂಡು ಬನ್ನಿ ಎಂದರು. ಈಗ ಇಡೀ ಕೋಣೆ ನಕ್ಕಿತು. ಲಾರಿ ನಿಲ್ಲಿಸುವ ಮಾತು ಮುಂದಿನ ವಾರಕ್ಕೆ ಹೋಯಿತು.

ಕಚೇರಿಯಲ್ಲಿ ಅವಳಿಗೆ ಮೆಣಸಿನಕಾಯಿ ಎಂದು ಅಡ್ಡಹೆಸರು. ಆದರೆ ಆಗ ಅವಳು ಪರದೆಯ ಮೇಲಿನ ಅಂಕಿಯನ್ನೇ ಮತ್ತೆ ಮತ್ತೆ ಓದಿದಳು. ಎದುರು ಕುರ್ಚಿಯಲ್ಲಿ ಹೊಸದಾಗಿ ಸೇರಿದ ಇಂಜಿನಿಯರ್ ಕುಳಿತಿದ್ದ. ಮಿತಭಾಷಿ ಎಂದು ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಅವನು ಪರದೆ ನೋಡಿದ, ಅವಳನ್ನು ನೋಡಿದ, ಬಿಳಿಚಿಕೊಂಡ. ಆಮೇಲೆ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತ.

ಆ ಕಣ್ಣುಗಳ ಪರಿಚಯ ಅವಳಿಗೆ ಚೆನ್ನಾಗಿತ್ತು. ಅವಳು ಕೂದಲು ಹಿಂದೆ ಸರಿಸಿದರೆ ಓದುತ್ತಿದ್ದ ಸಾಲನ್ನು ಕಳೆದುಕೊಳ್ಳುವ ಕಣ್ಣು. ಸಿಕ್ಕಿಬಿದ್ದರೆ ಕಿಟಕಿಯಾಚೆ ಏನೋ ಭಾರಿ ಕೆಲಸವಿದೆ ಎಂಬಂತೆ ಓಡುವ ಕಣ್ಣು. ಹಿಂದಿನ ಸಂಜೆ ಮಾತ್ರ ಅವು ಓಡದೆ ನಿಂತಿದ್ದವು. ನನ್ನನ್ನು ಮದುವೆಯಾಗುತ್ತೀರಾ ಎಂದು ಅವನು ನೇರವಾಗಿ ಕೇಳಿದ್ದ. ನಾಳೆ ಹೇಳುತ್ತೇನೆ ಎಂದಿದ್ದಳು. ಹೂಂ ಎನ್ನಬೇಕೆಂದೇ ಬೆಳಿಗ್ಗೆ ಮನೆ ಬಿಟ್ಟಿದ್ದಳು.

ಆ ಕಚೇರಿಯಲ್ಲಿ ವರದಿ ಬರೆಯುವ ರೀತಿಯೇ ಬೇರೆ. ಬಣ್ಣ, ಅಲಂಕಾರ ಏನೂ ಇಲ್ಲದ ಸಾದಾ ಅಕ್ಷರದ ಫೈಲು; ಅದರಲ್ಲಿ ನಾಲ್ಕು ಸಾಲು ಮಾತು, ಕೆಳಗೆ ಲೆಕ್ಕ ಮಾಡುವ ಕೋಡಿನ ತುಣುಕು, ಮತ್ತೆ ಮಾತು. ತುಣುಕಿನ ಮೇಲೆ ಕರ್ಸರ್ ಇಟ್ಟು ಕೀ ಒತ್ತಿದರೆ ಕೋಡು ಅಲ್ಲೇ ರನ್ ಆಗಿ, ಉತ್ತರ ಅದರ ಬುಡದಲ್ಲೇ ಬಂದು ಕೂರುತ್ತದೆ. ಮೊದಲು ಅಲ್ಲಿದ್ದ ಉತ್ತರ ಅಳಿಸಿಹೋಗುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೊದಲ ತುಣುಕಿನಿಂದ ಕೊನೆಯದರವರೆಗೂ ರನ್ ಮಾಡಿ ನೋಡಿ ಸಭೆಗೆ ಕಳಿಸಬೇಕೆಂಬುದು ಅಲ್ಲಿನ ನಿಯಮ. ಅವಳ ವರದಿಯನ್ನು ನೋಡಿ ಕಳಿಸಿದವನು ಮೌನಿ.

ಅವಳು ತನ್ನ ಮೇಜಿಗೆ ಬಂದು ಎಲ್ಲವನ್ನೂ ಮುಚ್ಚಿ, ಹೊಸದಾಗಿ ತೆರೆದು, ಮೇಲಿನಿಂದ ಒಂದೊಂದೇ ತುಣುಕು ರನ್ ಮಾಡಿದಳು. ಅಲುಗಾಟ ಮಿತಿ ದಾಟಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಹಾಗಾದರೆ ಪರದೆಯ ಮೇಲೆ ಬಂದ ಉತ್ತರ ಯಾರದ್ದು? ಅನುಮಾನದಿಂದ ಮೌನಿಯ ವರದಿ ತೆರೆದಳು. ಊರಾಚೆ ಕಟ್ಟಿದ ಹೊಸ ಸೇತುವೆಯದು. ದಶಮಾಂಶವೂ ಬಿಡದೆ ಅದೇ ಉತ್ತರ ಅಲ್ಲಿತ್ತು.

ಕೋಡಿನಲ್ಲಿ ಅಳತೆಗಳನ್ನು ತುಂಬಿಡುವ ಜಾಗಕ್ಕೆ ಇಬ್ಬರೂ ಇಟ್ಟ ಹೆಸರು ಒಂದೇ, ಅಲುಗಾಟ. ಅವನು ತನ್ನ ಲೆಕ್ಕ ಮುಗಿಸಿ, ಅದನ್ನು ಮುಚ್ಚದೆ, ಅದರ ಜೊತೆಗೇ ಅವಳ ಫೈಲು ತೆರೆದಿದ್ದಾನೆ. ಅವಳ ಅಳತೆಗಳನ್ನು ತುಂಬುವ ಮೊದಲ ತುಣುಕನ್ನು ಬಿಟ್ಟು ನಡುವೆ ಎಲ್ಲೋ ಕೀ ಒತ್ತಿದ್ದಾನೆ. ಕೋಡಿಗೇನು ಗೊತ್ತು? ಆ ಹೆಸರಿನಲ್ಲಿ ಕಂಪ್ಯೂಟರಿನ ನೆನಪಿನಲ್ಲಿ ಇನ್ನೂ ಉಳಿದಿದ್ದ ಅವನ ಸೇತುವೆಯ ಅಳತೆಗಳನ್ನೇ ಎತ್ತಿಕೊಂಡಿತು.

ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದಳು. ಅವನು ಏನನ್ನೂ ಮುಚ್ಚಿಡಲಿಲ್ಲ. ಗಾಳಿಯ ಬಗ್ಗೆ ನೀವು ಬರೆದ ಪ್ಯಾರಾದಲ್ಲಿ ಮನಸ್ಸು ನಿಂತುಬಿಟ್ಟಿತು, ನಿದ್ದೆಯಲ್ಲಿ ಮಗು ಮಗ್ಗುಲಾದ ಹಾಗೆ ಸೇತುವೆ ಹೊರಳುತ್ತದೆ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ, ಅಲ್ಲೇ ಕೀ ಒತ್ತಿ ಉತ್ತರ ನೋಡದೆ ಕಳಿಸಿಬಿಟ್ಟೆ ಎಂದ. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳ ಕೆನ್ನೆ ಕೆಂಪಾಗುತ್ತಿತ್ತು. ಈಗ ಕೋಪಕ್ಕೆ ಕಿವಿ ಕೆಂಪಾಯಿತು.

"ಪರದೆ ಮೇಲೆ ಬಂದಾಗ, ಅದು ನಿಮ್ಮ ಸೇತುವೆ ಉತ್ತರ ಅಂತ ಗೊತ್ತಾಯ್ತಾ?"

"ನೋಡಿದ ತಕ್ಷಣ ಗೊತ್ತಾಯ್ತು."

"ಆದ್ರೂ ಸುಮ್ಮನೆ ಕೂತ್ರಿ."

"ಹೆದರಿದೆ. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ. ನೀವು ಒಬ್ರೇ ಸಿಕ್ಕಾಗ ಕ್ಷಮೆ ಕೇಳೋಣ ಅಂದ್ಕೊಂಡೆ."

"ನಗೋದಕ್ಕೆ ಹತ್ತು ಜನ ಇದ್ರು. ಕ್ಷಮೆ ಕೇಳೋದಕ್ಕೆ ಮಾತ್ರ ನಾನೊಬ್ಬಳೇ ಸಾಕಾ?"

ನೀವು ನಿನ್ನೆ ಕೇಳಿದ್ದಕ್ಕೆ ಬೆಳಿಗ್ಗೆ ನನ್ನ ಹತ್ತಿರ ಉತ್ತರವಿತ್ತು, ಈಗ ಇಲ್ಲ ಎಂದು ಹೇಳಿ ಅವಳು ಹೊರಟುಹೋದಳು.

ತಾಯಿ ಇಲ್ಲದ ಅವಳನ್ನು ಬೆಳೆಸಿದವಳು ದೊಡ್ಡಮ್ಮ. ಮುಂಬಾಗಿಲ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾಳೆ. ದೊಡ್ಡಮ್ಮನಿಗೆ ಫೋನ್ ಮಾಡಿದವಳು, ಮೆಷಿನ್ನಿನ ಗಡಗಡ ಕೇಳುತ್ತಿದ್ದಂತೆಯೇ ಎಲ್ಲವನ್ನೂ ಕಾರಿಕೊಂಡಳು. ಗಡಗಡ ನಿಂತಿತು.

"ಅವನು ತಪ್ಪು ಮಾಡಿದ್ದಕ್ಕಾ ಕೋಪ, ತುಟಿ ಹೊಲ್ಕೊಂಡು ಕೂತಿದ್ದಕ್ಕಾ?"

"ಕೂತಿದ್ದಕ್ಕೆ."

"ಹಾಗಾದ್ರೆ ಆ ಹೊಲಿಗೆ ಅವನೇ ಬಿಚ್ಚಬೇಕು ಕಣೇ. ನೀನು ಕತ್ತರಿ ಹಿಡ್ಕೊಂಡು ಹೋಗ್ಬೇಡ. ನಿನ್ನ ಸೇತುವೆ ಕೆಲಸ ನೋಡು."

ಸೇತುವೆ ಕಾಯುವ ಹಾಗಿರಲಿಲ್ಲ. ಅವಳು ಮುಖ್ಯ ಇಂಜಿನಿಯರ್ ಕೋಣೆಗೆ ಹೋಗಿ ಆದದ್ದನ್ನು ಬಿಡಿಸಿ ಹೇಳಿದಳು. ಅವರು ಅರ್ಧ ಕೇಳಿದರು, ಇನ್ನರ್ಧ ಫೋನು ನೋಡಿದರು. ಬೆಳಿಗ್ಗೆ ಒಂದು ಉತ್ತರ, ಮಧ್ಯಾಹ್ನ ಇನ್ನೊಂದು, ಯಾವುದನ್ನು ನಂಬಲಿ ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ತಪ್ಪನ್ನ ಪಾಪ ಹೊಸ ಹುಡುಗನ ತಲೆಗೆ ಕಟ್ಟಬೇಡಿ ಕಣಮ್ಮ" ಎಂದರು. ಅವಳ ಮೈಯೆಲ್ಲ ಉರಿದುಹೋಯಿತು. ಆ ಸೇತುವೆಯ ಕೆಳಗೆ ನಿಂತು ಅಳತೆ ತೆಗೆದವಳು ಅವಳು. ಲಾರಿ ಹಾದಾಗ ತಲೆಯ ಮೇಲೆ ಗಾರೆ ಉದುರಿದ್ದು ಅವಳಿಗೆ. ಅವಳ ಮಾತಿಗೆ ಬೆಲೆ ಇಲ್ಲ, ಬಾಯಿ ಮುಚ್ಚಿಕೊಂಡವನು ಪಾಪದವನು.

ಬಾಗಿಲು ತಳ್ಳಿಕೊಂಡು ಹೊರಬಂದರೆ, ಸಭೆಯ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಬೆಳಿಗ್ಗೆ ನಕ್ಕವರೆಲ್ಲ ಅದೇ ಕುರ್ಚಿಗಳಲ್ಲಿ ಕುಳಿತಿದ್ದರು. ಮೇಜಿಂದ ಮೇಜಿಗೆ ಹೋಗಿ ಅವರನ್ನು ಕರೆತಂದವನು ಮೌನಿ. ಈಗ ಅವಳನ್ನು ದಾಟಿ ಒಳಗೆ ಹೋಗಿ ಮುಖ್ಯ ಇಂಜಿನಿಯರನ್ನೂ ಎಬ್ಬಿಸಿಕೊಂಡು ಬಂದ. ಪರದೆಯ ಪಕ್ಕ ನಿಂತು ಎಲ್ಲರ ಕಡೆ ತಿರುಗಿದ.

"ಬೆಳಿಗ್ಗೆ ನೀವೆಲ್ಲ ನಕ್ಕಿದ್ದು ನನ್ನ ಉತ್ತರ ನೋಡಿ," ಎಂದ. "ಇವರದ್ದಲ್ಲ. ನಿಯಮ ಮುರಿದು ನಡುವಿಂದ ರನ್ ಮಾಡಿದ್ದು ನಾನು. ಗೊತ್ತಾದ ಮೇಲೂ ಹೆದರಿ ಬಾಯಿ ಬಿಡಲಿಲ್ಲ. ಅದು ಇನ್ನೂ ದೊಡ್ಡ ತಪ್ಪು."

ಆಮೇಲೆ ಅವಳ ಫೈಲನ್ನು ಮೊದಲ ತುಣುಕಿನಿಂದ ರನ್ ಮಾಡುತ್ತ ಬಂದ. ಒಂದೊಂದರ ಬುಡದಲ್ಲೂ ಉತ್ತರ ಬಂದು ಕುಳಿತಿತು. ಕೊನೆಗೆ ಅವಳ ಮಾತೂ ಲೆಕ್ಕವೂ ಒಂದನ್ನೇ ಹೇಳಿದವು. ಯಾರೂ ನಗಲಿಲ್ಲ. ಮುಖ್ಯ ಇಂಜಿನಿಯರ್ ಅಲ್ಲಿಂದಲೇ ಫೋನ್ ಮಾಡಿ ಲಾರಿ ನಿಲ್ಲಿಸಲು ಹೇಳಿದರು. ಎದ್ದು ಹೋಗುವಾಗ ಅವಳ ಮುಖ ನೋಡದೆ, ವರದಿ ಚೆನ್ನಾಗಿದೆ ಎಂದರು.

"ಬೆಳಿಗ್ಗೇನೂ ಚೆನ್ನಾಗೇ ಇತ್ತು ಸರ್," ಎಂದಳು ಅವಳು.

ಕಚೇರಿ ಬಿಟ್ಟಾಗ ಮೆಟ್ಟಿಲ ಮೇಲೆ ಅವನು ಅವಳಿಗಿಂತ ಸ್ವಲ್ಪ ಹಿಂದೆಯೇ ಇಳಿಯುತ್ತಿದ್ದ. ಕೋಪ ಹೋಯಿತೇ ಎಂದು ಮೆಲ್ಲಗೆ ಕೇಳಿದ.

"ಇಲ್ಲ. ಇನ್ನೂ ಸುಮಾರು ದಿನ ಇರುತ್ತೆ."

"ಅದು ಹೋದ ಮೇಲೆ ಮತ್ತೆ ಕೇಳ್ಲಾ?"

ಅವಳು ನಿಂತು ತಿರುಗಿದಳು. ಹುಬ್ಬು ಇನ್ನೂ ಗಂಟು ಹಾಕಿಕೊಂಡೇ ಇತ್ತು. "ನನ್ನ ಕೋಪ ಹೋಗೋದನ್ನ ಕಾಯ್ತಾ ಕೂತ್ರೆ ಇಬ್ಬರಿಗೂ ಕೂದಲು ನರೆಯುತ್ತೆ. ಕೋಪ ಇರೋ ಹೆಂಡತಿ ಬೇಕಾ, ಬೇಡ್ವಾ? ಈಗಲೇ ಹೇಳಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ, "ಬೇಕು," ಎಂದ. ಆ ಕಟ್ಟಡದಲ್ಲಿ ಅವನ ದನಿ ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಕೆಳಗೆ ಇಳಿಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.

ನೋಡಲಿ ಎಂದುಕೊಂಡಳು ಅವಳು. ಮುಖ ಬಿಗಿದುಕೊಂಡೇ, ಅವನು ಪಕ್ಕದಲ್ಲಿ ಇಳಿಯಲು ಜಾಗವಾಗುವಷ್ಟು ಗೋಡೆಯ ಕಡೆ ಸರಿದಳು.