ಎರಡು ಸ್ಕ್ರೂ ಹಾಕುವ ಹೊತ್ತು

"ಸ್ವಂತದವರು ಒಳಗಿದ್ರೆ ಕೈ ನಡುಗುತ್ತೆ. ಸ್ಕ್ಯಾನಿಗೆ ಬೇರೆ ಯಾರನ್ನಾದ್ರೂ ಹಾಕಿಸು," ಎಂದರು ಅಕ್ಕನ ಅತ್ತೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ನಾಲ್ಕು ಜನರ ಎದುರಿಗೆ.

"ಅತ್ತೆ, ನನ್ನ ತಂಗಿ ಹದಿಮೂರು ವರ್ಷದಿಂದ ಇದೇ ಸ್ಕ್ಯಾನ್ ಕೆಲಸ ಮಾಡ್ತಿದಾಳೆ," ಎಂದಳು ಅಕ್ಕ. "ಮಗಳ ಹತ್ತಿರ ಅವಳಿದ್ರೇನೇ ನನಗೆ ಉಸಿರು."

"ಸರಿ, ನೋಡೇ ಬಿಡೋಣ ಇವಳ ಕೈಗುಣಾನ."

ತಂಗಿ, ಅಂದರೆ ಆಪರೇಷನ್ ಆಗಬೇಕಿದ್ದ ಹುಡುಗಿಯ ಚಿಕ್ಕಮ್ಮ, ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದಳು.

ಹದಿನಾಲ್ಕರ ಹುಡುಗಿ ಪ್ರಜ್ಞೆಯಿಲ್ಲದೆ ಬೋರಲಾಗಿ ಮಲಗಿದ್ದಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿದ ಬೆನ್ನುಮೂಳೆಗೆ ಪುಟ್ಟದೊಂದು ಫ್ರೇಮ್ ಬಿಗಿದಿದ್ದರು. ಅದರ ಗುರುತು ಹಿಡಿದೇ ಕ್ಯಾಮೆರಾ, ಡಾಕ್ಟರ ಕೈಯ ಉಪಕರಣ ಮೂಳೆಯೊಳಗೆ ಎಲ್ಲಿದೆಯೆಂದು ಸ್ಕ್ಯಾನಿನ ಚಿತ್ರದ ಮೇಲೆ ತೋರಿಸುತ್ತಿತ್ತು. ಫ್ರೇಮ್ ಕೂದಲೆಳೆಯಷ್ಟು ಜರುಗಿದರೂ ಆ ಚಿತ್ರ ಹೇಳುವುದೆಲ್ಲ ಸುಳ್ಳು.

ಸ್ಕ್ಯಾನ್ ಮುಗಿಸಿ ಚಿಕ್ಕಮ್ಮ ಯಂತ್ರವನ್ನು ಹಿಂದಕ್ಕೆಳೆಯುವಾಗ ಅದರ ಹೊದಿಕೆ ಫ್ರೇಮನ್ನು ಸವರಿತು. ಕಂಡದ್ದು ಅವಳಿಗೊಬ್ಬಳಿಗೇ. ಫ್ರೇಮ್ ಇದ್ದಲ್ಲೇ ಇರುವಂತಿತ್ತು... ಇತ್ತೇ? ಹೇಳಿದರೆ ಮತ್ತೊಮ್ಮೆ ಸ್ಕ್ಯಾನ್, ಎಲ್ಲರ ಕಣ್ಣೂ ತನ್ನ ಮೇಲೆ, ಹೊರಗೆ ಆ ಅತ್ತೆ. ಏನೂ ಆಗಿಲ್ಲ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಎಷ್ಟು ಸುಲಭವಾಗಿತ್ತು...

ಒಂದು ಸ್ಕ್ರೂ ಕೂತಿತು. ಇನ್ನೊಂದೂ ಕೂತಿತು. ಮೂರನೆಯದಕ್ಕೆ ದಾರಿ ಕೊರೆಯುತ್ತಿದ್ದ ಡಾಕ್ಟರ್ ಕೈ ನಿಲ್ಲಿಸಿದರು. "ಚಿತ್ರದಲ್ಲಿ ಮೂಳೆ ಇದೆ, ನನ್ನ ಕೈಗೆ ಸಿಗ್ತಿಲ್ಲ. ಯಾರಾದ್ರೂ ಫ್ರೇಮ್ ತಾಗಿಸಿದ್ರಾ?"

ನಿವೃತ್ತಿಗೆ ಎರಡೇ ತಿಂಗಳಿದ್ದ ಹಿರಿಯ ಸಿಸ್ಟರ್ ತಡವರಿಸಿದರು. "ಬಟ್ಟೆ ಸರಿಮಾಡುವಾಗ ನಾನೇ ಇರ್ಬೇಕು ಸರ್... ಕಣ್ಣು ಮೊದಲಿನ ಹಾಗಿಲ್ಲ."

ಒಂದು ಕ್ಷಣ, ಒಂದೇ ಒಂದು ಕ್ಷಣ, ಚಿಕ್ಕಮ್ಮನಿಗೆ ಬದುಕಿದೆ ಅನ್ನಿಸಿತು. ಆಮೇಲೆ ಬಾಯಿ ಬಿಟ್ಟಳು.

"ಅವರಲ್ಲ ಸರ್. ನಾನು."

ಡಾಕ್ಟರ್ ಬೈಯಲಿಲ್ಲ. "ಮತ್ತೆ ಸ್ಕ್ಯಾನ್ ಮಾಡಿ," ಎಂದರಷ್ಟೆ. ಹೊಸ ಚಿತ್ರದಲ್ಲಿ ಎರಡನೆಯ ಸ್ಕ್ರೂ ಮೂಳೆಯ ಅಂಚು ಸೀಳಿ ನರದ ಪಕ್ಕದಲ್ಲಿ ನಿಂತಿತ್ತು. ಎರಡನ್ನೂ ತೆಗೆದು ಮತ್ತೆ ಹಾಕಿದರು. ಸಂಜೆ ಎಚ್ಚರವಾದಾಗ ಹುಡುಗಿ ಎರಡೂ ಕಾಲಿನ ಬೆರಳಾಡಿಸಿದಳು.

ವಾರ್ಡಿನ ಹೊರಗೆ ಅಕ್ಕ ಓಡಿ ಬಂದು ತಬ್ಬಿಕೊಂಡಳು. "ನೀನಿದೀಯ ಅಂತ ನಾನು ಅಳಲೂ ಇಲ್ಲ ಕಣೇ."

"ಬಿಡಕ್ಕಾ... ಮೊದಲು ಕೇಳು," ಎಂದು ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಗೊತ್ತಿದ್ದೂ ಸುಮ್ಮನಿದ್ಯಾ? ಎಷ್ಟು ಹೊತ್ತು?"

"ಎರಡು ಸ್ಕ್ರೂ ಹಾಕೋ ಹೊತ್ತು."

ಅಕ್ಕನ ತೋಳು ಜಾರಿತು. ಬೆಂಚಿನಿಂದ ಅತ್ತೆ ಎದ್ದರು. "ನನ್ನ ಮಾತಂದ್ರೆ ಯಾರಿಗೆ ಲೆಕ್ಕ..."

"ನೀವು ಸುಮ್ಮನಿರಿ, ಅತ್ತೆ. ಇವಳನ್ನ ಕೇಳೋಳು ನಾನು."

ಮದುವೆಯಾದ ಇಷ್ಟು ವರ್ಷದಲ್ಲಿ ಅಕ್ಕ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೆನ್ನೆಗೆ ಹೊಡೆದಿದ್ದರೂ ತಂಗಿಗೆ ಆ ಮಾತಿನಷ್ಟು ಉರಿಯುತ್ತಿರಲಿಲ್ಲ.

ಒಳಗಿಂದ ಕ್ಷೀಣ ದನಿ ಬಂತು. "ಚಿಕ್ಕಮ್ಮಾ..."

"ಹೋಗು, ಕರೀತಿದಾಳೆ," ಎಂದಳು ಅಕ್ಕ, ಗೋಡೆ ನೋಡುತ್ತ. "ಆದ್ರೆ ಅವಳು ಎದ್ದು ಓಡಾಡಿದ ದಿನ ಇದನ್ನ ಅವಳಿಗೂ ಹೇಳ್ಬೇಕು. ನೀನೇ."

"ಹೇಳ್ತೀನಿ."

ಹುಡುಗಿ ಮಲಗಿದಲ್ಲಿಂದಲೇ ಕೈ ಚಾಚಿದಳು. ಅದನ್ನು ಹಿಡಿಯಲು ಚಿಕ್ಕಮ್ಮನಿಗೆ ಬಹಳ ಹೊತ್ತು ಬೇಕಾಯಿತು.